ಕೆಲಸ ಕಲಿಸುವ ನಾಯಕ: ಪೀಣ್ಯದ ಶೆಡ್ಡುಗಳ ಪಾಠ

ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಇನ್ನೊಬ್ಬರ ಕೈಕೆಳಗೆ ದುಡಿದವರು. ಹೋಟೆಲಿನಲ್ಲಿ ಮಾಣಿಯಾಗಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಅವರ ಮಕ್ಕಳಾದ ನಿಮ್ಮ ಕಾಲ ಬೇರೆ. ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸಿಗೇ ಟೀಮ್ ಲೀಡರ್, ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಪದವಿ ಬರುತ್ತದೆ. ಕೈಕೆಳಗೆ ಆರೋ ಎಂಟೋ ಜನ. ಸಂಘದ ಸಮಾರಂಭಗಳಲ್ಲಿ ತಂದೆತಾಯಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಅದೇ ಸಮಾರಂಭಕ್ಕೆ ಮಗ ಬಂದಿರುವುದಿಲ್ಲ, ಮಗಳು ಬಂದಿರುವುದಿಲ್ಲ. ಭಾನುವಾರವೂ ಆಫೀಸಿನ ಕೆಲಸ. ವಿಚಾರಿಸಿ ನೋಡಿದರೆ, ಅದರಲ್ಲಿ ಅರ್ಧ ಕೈಕೆಳಗಿನವರು ಮಾಡಬೇಕಾದ ಕೆಲಸ.

ಇದಕ್ಕೆ ಕಾರಣ ಸರಳ. ಆಫೀಸುಗಳಲ್ಲಿ ಬಡ್ತಿ ಸಿಗುವುದು ಚೆನ್ನಾಗಿ ಕೆಲಸ ಮಾಡುವವನಿಗೆ. ಚೆನ್ನಾಗಿ ಕೆಲಸ ಕಲಿಸುವವನಿಗಲ್ಲ. ನಿನ್ನೆಯವರೆಗೆ ತಾನೇ ಲೆಕ್ಕ ಬಿಡಿಸಿ, ತಾನೇ ಪ್ರೋಗ್ರಾಮ್ ಬರೆದು ಹೆಸರು ಪಡೆದವನಿಗೆ, ಇಂದು ಇನ್ನೊಬ್ಬನು ಅದೇ ಕೆಲಸವನ್ನು ತಡವರಿಸುತ್ತ ಮಾಡುವುದನ್ನು ನೋಡುತ್ತ ಕೂರಲು ಆಗುವುದಿಲ್ಲ. "ಕೊಡು ಇಲ್ಲಿ, ನಾನೇ ಮಾಡ್ತೀನಿ" ಎಂದು ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ತಾನೇ ಮಾಡಿದರೆ ಹತ್ತು ನಿಮಿಷ, ಕಲಿಸಿದರೆ ಒಂದು ಗಂಟೆ ಎಂಬುದು ಅವನ ಲೆಕ್ಕ. ವಾರಕ್ಕೊಮ್ಮೆ ಬರುವ ಕೆಲಸವಾದರೆ ಆರು ವಾರದಲ್ಲಿ ಆ ಒಂದು ಗಂಟೆ ತೀರಿಹೋಗುತ್ತದೆ. ಏಳನೆಯ ವಾರದಿಂದ ಲಾಭವೇ ಲಾಭ. ಆದರೆ ಸಂಜೆ ಏಳು ಗಂಟೆಗೆ, ಚರ್ಚ್‌ಗೇಟಿನ ಲೋಕಲ್ ಗಾಡಿ ನೆನಪಾಗುವ ಹೊತ್ತಿನಲ್ಲಿ, ಈ ಗಣಿತ ಯಾರಿಗೂ ಹೊಳೆಯುವುದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಕೋಚಿಂಗ್ ಎನ್ನುತ್ತಾರೆ. ನಮ್ಮ ಊರಿನಲ್ಲಿ ಈ ಶಬ್ದ ಕೇಳಿದೊಡನೆ ಹತ್ತನೇ ಕ್ಲಾಸಿನ ಕೋಚಿಂಗ್ ಕ್ಲಾಸು ನೆನಪಾಗುತ್ತದೆ: ಮೇಷ್ಟ್ರು ಹೇಳುವುದು, ಐವತ್ತು ಮಕ್ಕಳು ಬರೆದುಕೊಳ್ಳುವುದು. ಇಲ್ಲಿ ಹೇಳಹೊರಟಿರುವುದು ಅದಕ್ಕೆ ತೀರ ವಿರುದ್ಧವಾದದ್ದು. ಕಲಿಯುವವನ ಕೈಯಲ್ಲೇ ಕೆಲಸ ಇರಬೇಕು. ಕಲಿಸುವವನು ಪಕ್ಕದಲ್ಲಿರಬೇಕು, ಆದರೆ ಕೈ ಹಾಕಬಾರದು. ಹೇಳುವುದಕ್ಕೆ ಒಂದು ಸಾಲು. ಮಾಡುವುದು ಎಷ್ಟು ಕಷ್ಟವೆಂದು ತಿಳಿಯಲು ಒಂದು ಉದಾಹರಣೆ ನೋಡೋಣ. ದೂರದ್ದೇನಲ್ಲ, ನಮ್ಮ ಉಡುಪಿಯವರೊಬ್ಬರದೇ.

ಉಡುಪಿಯ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಡಾಕ್ಟರೇಟ್ ಮಾಡಿ, ಅಮೆರಿಕಾದಲ್ಲಿ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು, 1966ರಲ್ಲಿ ಸ್ವದೇಶಕ್ಕೆ ಮರಳಿದವರು. 1972ರಲ್ಲಿ ದೇಶದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆ ಅವರ ಹೆಗಲಿಗೆ ಬಂತು. ಸೋವಿಯತ್ ಒಕ್ಕೂಟ ತನ್ನ ರಾಕೆಟ್ಟಿನಲ್ಲಿ ಹಾರಿಸಿಕೊಡಲು ಒಪ್ಪಿತ್ತು. ಉಪಗ್ರಹವನ್ನು ಮಾತ್ರ ನಾವೇ ಮಾಡಿಕೊಡಬೇಕು.

ಎಲ್ಲಿ ಮಾಡುವುದು? ಬೆಂಗಳೂರಿನ ಪೀಣ್ಯ ಕೈಗಾರಿಕಾ ಬಡಾವಣೆಯಲ್ಲಿ, ಕಲ್ನಾರಿನ ಶೀಟು ಹೊದೆಸಿದ ಕೆಲವು ಶೆಡ್ಡುಗಳಲ್ಲಿ. ಯಾರನ್ನು ಕಟ್ಟಿಕೊಂಡು? ಹೆಚ್ಚಾಗಿ ಆಗತಾನೇ ಓದು ಮುಗಿಸಿ ಬಂದ ಹುಡುಗರನ್ನು. ಉಪಗ್ರಹ ಎಂಬುದನ್ನು ಕಣ್ಣಾರೆ ಕಂಡವರು ಆ ಗುಂಪಿನಲ್ಲಿ ತೀರ ವಿರಳ. ವಿದ್ಯುತ್ ಪೂರೈಕೆ, ದೂರಮಾಪನ, ಶಾಖದ ನಿಯಂತ್ರಣ, ಚೌಕಟ್ಟು, ಪರೀಕ್ಷೆ ಎಂದು ಪ್ರತಿಯೊಂದೂ ಒಂದೊಂದು ಶಾಸ್ತ್ರ. ಅನುಭವಸ್ಥರು ಸಿಗುವವರೆಗೆ ಕಾದಿದ್ದರೆ ಇಂದಿಗೂ ಕಾಯುತ್ತಿರಬೇಕಾಗಿತ್ತು. ತಾವೇ ಎಲ್ಲವನ್ನೂ ಮಾಡಲು ರಾವ್ ಅವರಿಗೆ ಹತ್ತು ಕೈ ಇರಲಿಲ್ಲ. ಹಾಗಾಗಿ ಹುಡುಗರ ಕೈಯಲ್ಲೇ ಕೆಲಸವಿಡದೆ ಬೇರೆ ದಾರಿಯಿರಲಿಲ್ಲ. ಕೆಲವೊಮ್ಮೆ ಬಡತನವೇ ಒಳ್ಳೆಯ ಗುರು ಎಂದು ನನಗನಿಸುತ್ತದೆ. ಪಕ್ಕದಲ್ಲಿ ನಲವತ್ತು ಜನ ಪರಿಣತರಿದ್ದಿದ್ದರೆ ಆ ಹುಡುಗರ ಪಾಲಿಗೆ ಬೆಸುಗೆ ಹಾಕುವ ಕೆಲಸವಷ್ಟೇ ಉಳಿಯುತ್ತಿತ್ತೋ ಏನೋ.

ಹೀಗೆ ಸಿದ್ಧವಾದ, 360 ಕಿಲೋ ತೂಕದ, 26 ಮುಖಗಳ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಲ್ಲಿ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡಿದ್ದರೆಂದು ರಾವ್ ಮುಂದೆ ನಗುತ್ತ ಹೇಳುತ್ತಿದ್ದರು. ನಿಮ್ಮ ಮನೆಯ ಹಳೆಯ ಡಬ್ಬಿಯಲ್ಲಿ ಎರಡು ರೂಪಾಯಿಯ ಹಳೆಯ ನೋಟು ಉಳಿದಿದ್ದರೆ ತಿರುಗಿಸಿ ನೋಡಿ, ಅದರಲ್ಲಿ ಆರ್ಯಭಟದ ಚಿತ್ರವಿರಬಹುದು.

ನೋಟಿನ ಮೇಲೆ ಬರೆಯದ ಒಂದು ಸಂಗತಿಯೂ ಇದೆ. ಹಾರಿದ ಕೆಲವೇ ದಿನಗಳಲ್ಲಿ ಉಪಗ್ರಹದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಬೇರೆ ಆಫೀಸಾಗಿದ್ದರೆ ಯಾರದಾದರೂ ತಲೆದಂಡ ಆಗುತ್ತಿತ್ತು. ಇಲ್ಲಿ ಅದೇ ಬೆಂಗಳೂರಿನ ಕೇಂದ್ರ ಮುಂದಿನ ಉಪಗ್ರಹ ಭಾಸ್ಕರವನ್ನು ಕಟ್ಟಿತು. 1979ರ ಜೂನ್ 7ರಂದು ಅದು ಕಕ್ಷೆ ಸೇರಿತು. ಆ ಕೇಂದ್ರಕ್ಕೆ ಈಗ ಯು. ಆರ್. ರಾವ್ ಅವರ ಹೆಸರೇ ಇದೆ.

ಇದು ರಾವ್ ಒಬ್ಬರ ಉದಾರತೆಯಷ್ಟೇ ಅಲ್ಲ. ಅವರ ಮೇಲಿದ್ದವರು ಸತೀಶ್ ಧವನ್. 1971ರ ಡಿಸೆಂಬರ್ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡ ಮೇಲೆ ಬಾಹ್ಯಾಕಾಶ ಸಂಸ್ಥೆಯ ಹೊಣೆ ಹೊರಲು ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಕೇಳಿಕೊಂಡಾಗ ಧವನ್ ಒಪ್ಪಿದರು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕನ ಕುರ್ಚಿಯನ್ನು ಬಿಡುವುದಿಲ್ಲ ಎಂದರು. ಅಂದರೆ ಇಸ್ರೋಗೆ ಬಂದದ್ದು ಮೇಷ್ಟ್ರುತನವನ್ನು ಬಿಡದ ಮೇಷ್ಟ್ರು. 1951ರಿಂದಲೂ ಅಲ್ಲಿ ಪಾಠ ಹೇಳುತ್ತಿದ್ದವರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ ಅವರ ಮೊದಲ ಶಿಷ್ಯರ ಸಾಲಿನವರು. ವಿದ್ಯಾರ್ಥಿಯ ಪ್ರಯೋಗ ಕೆಟ್ಟರೆ ಮೇಷ್ಟ್ರು ಅವನನ್ನು ಕ್ಲಾಸಿನಿಂದ ಓಡಿಸುವುದಿಲ್ಲ. ಏಕೆ ಕೆಟ್ಟಿತೆಂದು ಅವನಿಂದಲೇ ಬರೆಸುತ್ತಾನೆ. ಧವನ್ ಇದನ್ನೇ ಇಸ್ರೋದ ಪದ್ಧತಿಯನ್ನಾಗಿ ಮಾಡಿದರು. ಒಂದೊಂದು ವಿನ್ಯಾಸವೂ ಪರಿಶೀಲನಾ ಸಮಿತಿಯ ಮುಂದೆ ಬರಬೇಕು. ಆ ಸಮಿತಿಯಲ್ಲಿ ಯೋಜನೆಯ ಹೊರಗಿನ ತಜ್ಞರೂ ಕೂರುತ್ತಾರೆ. ಅಲ್ಲಿ ಎಂಥ ಹಿರಿಯನನ್ನೂ ಕಿರಿಯನೊಬ್ಬ ಪ್ರಶ್ನಿಸಬಹುದು. ಪ್ರಶ್ನೆ ಮನುಷ್ಯನ ಮೇಲಲ್ಲ, ಅವನು ತಂದ ವಿನ್ಯಾಸದ ಮೇಲೆ.

1979ರ ಆಗಸ್ಟ್ 10ರ ಕಥೆಯನ್ನು ನೀವು ಅಬ್ದುಲ್ ಕಲಾಂ ಅವರ ಭಾಷಣಗಳಲ್ಲಿ ಕೇಳಿಯೇ ಇರುತ್ತೀರಿ. ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಐದು ನಿಮಿಷ ಕಳೆಯುವಷ್ಟರಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ಕೊನೆಯ ಗಳಿಗೆಯಲ್ಲಿ ಕಂಪ್ಯೂಟರ್ ತಡೆ ಒಡ್ಡಿತ್ತು. ತಜ್ಞರ ಸಲಹೆಯಂತೆ ಮುಂದುವರಿಯಲು ಹೇಳಿದವರು ಯೋಜನೆಯ ನಿರ್ದೇಶಕ ಕಲಾಂ. ಪತ್ರಕರ್ತರು ಕಾದು ಕುಳಿತಿದ್ದರು. ಧವನ್ ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಹೋಗಿ ಸೋಲನ್ನು ಒಪ್ಪಿಕೊಂಡು, ತಮ್ಮ ತಂಡ ಮುಂದಿನ ವರ್ಷ ಗೆಲ್ಲುತ್ತದೆ ಎಂದರು. 1980ರ ಜುಲೈ 18ರಂದು ಅದೇ ತಂಡ 35 ಕಿಲೋದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರ ಮುಂದೆ ಹೋಗು ಎಂದು ಕಲಾಂ ಅವರಿಗೇ ಹೇಳಿದರು.

ಎಲ್ಲ ಮ್ಯಾನೇಜ್‌ಮೆಂಟ್ ಭಾಷಣಗಳೂ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತವೆ. ನನಗೆ ಮಾತ್ರ ಆ ದಿನದ ಇನ್ನೊಂದು ಸಣ್ಣ ಸಂಗತಿ ಇದಕ್ಕಿಂತ ಹೆಚ್ಚು ಇಷ್ಟ. ಆಗ ತಿರುವನಂತಪುರದ ಕೇಂದ್ರದ ಮುಖ್ಯಸ್ಥರಾಗಿದ್ದವರು ಬ್ರಹ್ಮಪ್ರಕಾಶ್ ಎಂಬ ಲೋಹವಿಜ್ಞಾನಿ. ರಾಕೆಟ್ ಬಿದ್ದ ಮೇಲೆ ಕಲಾಂ ಬಳಲಿ ಕೋಣೆಗೆ ಹೋಗಿ ಮಲಗಿಬಿಟ್ಟರು. ಮಧ್ಯಾಹ್ನ ಮೀರಿದ ಮೇಲೆ ಬ್ರಹ್ಮಪ್ರಕಾಶ್ ತಾವೇ ಬಂದು ಎಬ್ಬಿಸಿ ಊಟಕ್ಕೆ ಕರೆದುಕೊಂಡು ಹೋದರು. ಊಟ ಮುಗಿಯುವವರೆಗೆ ರಾಕೆಟ್ಟಿನ ಮಾತನ್ನೇ ಎತ್ತಲಿಲ್ಲವಂತೆ. ಕಲಾಂ ತಮ್ಮ ಆತ್ಮಕಥೆಯಲ್ಲಿ ಇದನ್ನು ಮರೆಯದೆ ಬರೆದಿದ್ದಾರೆ. ತಪ್ಪು ಮಾಡಿದವನಿಗೆ ಅದು ತಪ್ಪೆಂದು ಮೊದಲೇ ಗೊತ್ತಿರುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಬೇಕಾದದ್ದು ವಿಶ್ಲೇಷಣೆಯಲ್ಲ, ಊಟ.

ಹಾಗೆಂದು ವಿಷಯವನ್ನು ಅಲ್ಲಿಗೇ ಬಿಟ್ಟುಬಿಟ್ಟರೇ? ಇಲ್ಲ. ಇದನ್ನು ಹೇಳದಿದ್ದರೆ ಕಥೆ ಬರೀ ಅಂತಃಕರಣದ ಕಥೆಯಾಗುತ್ತದೆ. ಪರಿಶೀಲನೆ ನಡೆಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದಿಂದ ನೈಟ್ರಿಕ್ ಆಮ್ಲ ಸೋರಿಹೋದದ್ದೇ ಮೂಲ ಎಂದು ತಂಡವೇ ಹುಡುಕಿ ತೆಗೆಯಿತು. ಹೊರಗಿನವರ ಮುಂದೆ ರಕ್ಷಣೆ, ಊಟದ ಮೇಜಿನಲ್ಲಿ ಮೌನ, ಕೋಣೆಯೊಳಗೆ ನಿಷ್ಠುರವಾದ ಸತ್ಯ, ಈ ಕ್ರಮ ಬಹಳ ಮುಖ್ಯ. ನಮ್ಮ ಎಷ್ಟೋ ಆಫೀಸುಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಗ್ರಾಹಕನ ಮುಂದೆ, ಇ-ಮೇಲಿನಲ್ಲಿ ಹತ್ತು ಜನಕ್ಕೆ ಪ್ರತಿ ಕಳಿಸಿ, ಕೈಕೆಳಗಿನವನ ತಪ್ಪನ್ನು ಎತ್ತಿ ಆಡುತ್ತಾರೆ. ಕೋಣೆಯಲ್ಲಿ ಒಬ್ಬನೇ ಸಿಕ್ಕಾಗ "ಏನಿಲ್ಲ ಬಿಡು, ಮುಂದೆ ನೋಡ್ಕೊ" ಎಂದು ತೇಲಿಸಿಬಿಡುತ್ತಾರೆ. ಅವನಿಗೆ ಅವಮಾನವೂ ಆಯಿತು, ಕಲಿತದ್ದೂ ಏನಿಲ್ಲ.

ಇನ್ನು, ಪಕ್ಕದಲ್ಲಿದ್ದೂ ಕೈ ಹಾಕದಿರುವುದು ಹೇಗೆ ಎಂಬ ಪ್ರಶ್ನೆ. ಇದಕ್ಕೆ ಅಮೆರಿಕಾದ ಟೆನಿಸ್ ಶಿಕ್ಷಕ ತಿಮೊಥಿ ಗಾಲ್ವೆ ಕಂಡುಕೊಂಡ ಉಪಾಯ ಸ್ವಾರಸ್ಯವಾದದ್ದು. 1974ರಲ್ಲಿ ಪ್ರಕಟವಾದ ಅವನ ಪುಸ್ತಕ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಎಲ್ಲ ಶಿಕ್ಷಕರೂ "ಚೆಂಡನ್ನು ನೋಡು, ಚೆಂಡನ್ನು ನೋಡು" ಎಂದು ಕೂಗುತ್ತಾರೆ. ಕೂಗಿದಷ್ಟೂ ಕಲಿಯುವವನ ಮೈ ಬಿಗಿಯುತ್ತದೆ. ಗಾಲ್ವೆ ಕೂಗುವುದನ್ನು ಬಿಟ್ಟು ಒಂದು ಆಟ ಹೂಡಿದ. ಚೆಂಡು ನೆಲಕ್ಕೆ ಬಡಿದಾಗ "ಬೌನ್ಸ್" ಎನ್ನು, ಬ್ಯಾಟಿಗೆ ತಗುಲಿದಾಗ "ಹಿಟ್" ಎನ್ನು, ಅಷ್ಟೇ. ಆ ಎರಡು ಮಾತನ್ನು ಸರಿಯಾದ ಗಳಿಗೆಗೆ ಹೇಳಬೇಕಾದರೆ ಚೆಂಡನ್ನು ನೋಡಲೇಬೇಕಲ್ಲ! ಹೇಳಿಸಿಕೊಂಡು ಬಾರದ ಏಕಾಗ್ರತೆ ತಾನಾಗಿ ಬಂತು. ಇಂಗ್ಲೆಂಡಿನಲ್ಲಿ ಹಿಂದೆ ಕಾರ್ ರೇಸ್ ಓಡಿಸುತ್ತಿದ್ದ ಜಾನ್ ವಿಟ್ಮೋರ್ ಇದೇ ವಿಚಾರವನ್ನು ಆಫೀಸುಗಳಿಗೆ ತಂದು 1992ರಲ್ಲಿ ಒಂದು ಪುಸ್ತಕ ಬರೆದ. ಏನು ಆಗಬೇಕು, ಈಗ ಎಲ್ಲಿದ್ದೇವೆ, ಯಾವ ಯಾವ ದಾರಿಗಳಿವೆ, ನೀನು ಯಾವುದನ್ನು ಯಾವಾಗ ಮಾಡುತ್ತೀಯ, ಈ ನಾಲ್ಕನ್ನು ಕೇಳುತ್ತ ಹೋಗು ಎಂಬುದು ಅವನ ಸಾರ. ದೊಡ್ಡ ಕಂಪನಿಗಳು ನಿಮ್ಮನ್ನು ಎರಡು ದಿನ ಹೋಟೆಲಿನಲ್ಲಿ ಕೂಡಿಸಿ ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಊಟ ಮಾತ್ರ ಚೆನ್ನಾಗಿರುತ್ತದೆ.

ಕೇಳುವುದರಲ್ಲೂ ಎರಡು ಬಗೆಯಿದೆ. ಕೈಕೆಳಗಿನ ಹುಡುಗಿ ತಂದ ವರದಿಯಲ್ಲಿ ಒಂದು ಮೊತ್ತ ತಾಳೆಯಾಗುತ್ತಿಲ್ಲ ಎಂದುಕೊಳ್ಳಿ. "ಯಾಕೆ ಹೀಗೆ ಮಾಡಿದೆ?" ಎಂದರೆ ಅದು ಪ್ರಶ್ನೆಯಲ್ಲ, ಪೊಲೀಸ್ ಚೌಕಿಯ ಮಾತು, ಅವಳು ಕಾರಣ ಹುಡುಕುವುದಿಲ್ಲ, ನೆಪ ಹುಡುಕುತ್ತಾಳೆ. "ಎಲ್ಲಿಯವರೆಗೆ ತಾಳೆಯಾಗಿದೆ? ಯಾವ ಸಾಲಿನಿಂದ ತಪ್ಪಿದೆ?" ಎಂದು ಕೇಳಿ. ಆಗ ಅವಳ ಕಣ್ಣು ನಿಮ್ಮ ಮುಖದಿಂದ ಕಾಗದಕ್ಕೆ ಇಳಿಯುತ್ತದೆ. ಕೇಳಿದ ಮೇಲೆ ಸುಮ್ಮನಿರಬೇಕು. ಉತ್ತರ ನಿಮಗೆ ಗೊತ್ತಿರುತ್ತದೆ, ನಾಲಿಗೆಯ ತುದಿಗೇ ಬಂದಿರುತ್ತದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳು ಎಂಟಕ್ಕೆ ಅವಳೇ ಏನಾದರೂ ಹೇಳುತ್ತಾಳೆ. ಅದು ನಿಮ್ಮ ಉತ್ತರವಾಗಿರದೆ ಇರಬಹುದು, ಕೆಲವೊಮ್ಮೆ ನಿಮ್ಮದಕ್ಕಿಂತ ಚೆನ್ನಾಗಿಯೂ ಇರಬಹುದು.

ಆದರೆ ಪ್ರಶ್ನೆಯೇ ಸರ್ವರೋಗಕ್ಕೆ ಮದ್ದೆಂದು ತಿಳಿಯಬೇಡಿ. ನಿನ್ನೆ ಸೇರಿದವನಿಗೆ "ನಿನಗೇನು ಅನಿಸುತ್ತದೆ?" ಎಂದು ಕೇಳುವುದು ಕ್ರೌರ್ಯ. ಅವನಿಗೆ ಅನಿಸಲು ಇನ್ನೂ ಏನೂ ಗೊತ್ತಿಲ್ಲ. ಹೊಸಬನಿಗೆ ತೋರಿಸಿಕೊಡಬೇಕು, ಬಾಯಿ ಬಿಟ್ಟು ಹೇಳಬೇಕು. ನಮ್ಮ ಉಡುಪಿ ಹೋಟೆಲುಗಳಲ್ಲಿ ಊರಿನಿಂದ ಬಂದ ಹುಡುಗನನ್ನು ಮೊದಲ ದಿನವೇ ದೋಸೆಯ ಕಾವಲಿಯ ಮುಂದೆ ನಿಲ್ಲಿಸುತ್ತಿರಲಿಲ್ಲ. ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಪ್ಲೈ ಮಾಡಿ, ಅಡುಗೆಯ ಭಟ್ಟರ ಪಕ್ಕ ತಿಂಗಳುಗಟ್ಟಲೆ ನಿಂತ ಮೇಲೆ ಸೌಟು ಕೈಗೆ ಬರುತ್ತಿತ್ತು. ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಕೇಳುವ ಸದ್ದಿನಿಂದ ಕಾವು ತಿಳಿಯುವುದನ್ನು ಭಟ್ಟರು ಮಾತಿನಲ್ಲಿ ವಿವರಿಸುತ್ತಿರಲಿಲ್ಲ, ಚಿಮುಕಿಸಿ ತೋರಿಸುತ್ತಿದ್ದರು. ಗಲ್ಲಾದ ಮೇಲೆ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಹಾಗೆಯೇ ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲಿನಲ್ಲಿ, ಎಂದರೆ ಆಫೀಸಿನಲ್ಲಿ ಸರ್ವರ್ ಬಿದ್ದು ಗ್ರಾಹಕರು ಬೊಬ್ಬೆ ಹೊಡೆಯುತ್ತಿರುವಾಗ, ಪಾಠ ಮಾಡುವಂತಿಲ್ಲ. ಆಗ ಬಲ್ಲವನು ಕೈ ಹಾಕಿ ಸರಿಮಾಡಬೇಕು, ಪಾಠ ಸಂಜೆಗೆ.

ಹೊಸಬನನ್ನು ಎಷ್ಟು ಬೇಗ, ಎಷ್ಟು ದೊಡ್ಡ ಕೆಲಸಕ್ಕೆ ಇಳಿಸಬೇಕೆಂಬುದು ಎಲ್ಲ ನಾಯಕರಿಗೂ ತೊಡಕಿನ ಪ್ರಶ್ನೆ. ಇದಕ್ಕೆ ನಮ್ಮ ಯಕ್ಷಗಾನದವರು ಪುಸ್ತಕವಿಲ್ಲದೆ ಕಂಡುಕೊಂಡ ಪರಿಹಾರ ನೋಡಿ. ಊರಿನ ಬಯಲಾಟಗಳಲ್ಲಿ ಪ್ರಸಂಗ ಆರಂಭವಾಗುವ ಮೊದಲು ಪೂರ್ವರಂಗ ಇರುತ್ತಿತ್ತು. ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳು ಬಂದು ಕುಣಿಯುತ್ತಿದ್ದವು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಕಾಲು ಪಳಗಿಸಿಕೊಳ್ಳುತ್ತಿದ್ದದ್ದು ಅಲ್ಲಿಯೇ. ಜನ ಇನ್ನೂ ಊಟ ಮುಗಿಸಿ ಒಬ್ಬೊಬ್ಬರಾಗಿ ಬಂದು ಕೂರುತ್ತಿರುವ ಹೊತ್ತು. ಹೆಜ್ಜೆ ತಪ್ಪಿದರೆ ನಗುವವರು ಕಡಿಮೆ. ಆದರೆ ರಂಗ ನಿಜವಾದದ್ದು, ಭಾಗವತರು ನಿಜವಾದವರು, ಚೆಂಡೆ ಮದ್ದಳೆ ನಿಜವಾದವು. ತಾಲೀಮಲ್ಲ, ಆಟವೇ. ಕುಣಿದು ಚೌಕಿಗೆ ಹಿಂದಿರುಗಿದ ಮೇಲೆ ಅದೇ ಹುಡುಗ ರಾತ್ರಿಯಿಡೀ ಎದುರು ವೇಷದವರ ಅರ್ಥಗಾರಿಕೆಯನ್ನು ನೋಡುತ್ತ ಕೂರಬಹುದಿತ್ತು. ವರ್ಷಗಳು ಉರುಳಿದಂತೆ ಅವನ ವೇಷವೂ ಪೂರ್ವರಂಗದಿಂದ ಪ್ರಸಂಗದೊಳಕ್ಕೆ ಸರಿಯುತ್ತಿತ್ತು.

ನಿಮ್ಮ ಆಫೀಸಿನಲ್ಲೂ ಇಂಥ ಪೂರ್ವರಂಗಗಳಿವೆ, ಹುಡುಕಬೇಕು ಅಷ್ಟೇ. ಗ್ರಾಹಕರ ಸಭೆಯ ಮೊದಲ ಹತ್ತು ನಿಮಿಷ, ಕಳೆದ ವಾರದ ಕೆಲಸದ ವರದಿ ಓದುವಷ್ಟನ್ನು ಹೊಸಬನಿಗೆ ಬಿಡಿ. ದೊಡ್ಡ ಪ್ರಸ್ತಾವದಲ್ಲಿ ಒಂದು ಅಧ್ಯಾಯ ಅವಳ ಹೆಸರಿನಲ್ಲೇ ಹೋಗಲಿ. ತಪ್ಪಿದರೆ ಸಣ್ಣದಾಗಿ ತಪ್ಪಬೇಕು. ಆದರೆ ಮಾಡಿದ ಕೆಲಸ ಸುಳ್ಳಾಗಿರಬಾರದು. ಸುಮ್ಮನೆ ಅಭ್ಯಾಸಕ್ಕೆಂದು ಕೊಟ್ಟ, ಮುಗಿಸಿದ ಮೇಲೆ ಯಾರೂ ನೋಡದ ಕೆಲಸವನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಇಲ್ಲಿ ಇನ್ನೊಂದು ಮಾತು. ಈಗ ಕಾಲಮಿತಿಯ ಆಟಗಳು ಬಂದ ಮೇಲೆ ಪೂರ್ವರಂಗಕ್ಕೇ ಕತ್ತರಿ ಬಿದ್ದಿದೆ. ಮುಂಬಯಿಯ ಸಭಾಗೃಹಗಳಲ್ಲಿ ಮೂರು ಗಂಟೆಯಲ್ಲಿ ಪ್ರಸಂಗ ಮುಗಿಸಬೇಕಾದಾಗ ಕೋಡಂಗಿಗೆ ಸಮಯವೆಲ್ಲಿ? ಆಟ ಚುರುಕಾಯಿತು ನಿಜ. ಹೊಸ ಹುಡುಗ ಕುಣಿಯಲು ಕಲಿಯುವ ಜಾಗ ಹೋಯಿತು. ಪ್ರಾಜೆಕ್ಟಿನ ಗಡುವು ಬಿಗಿಯಾದಂತೆ ಆಫೀಸುಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇಂಥ ಜಾಗಗಳಿಗೇ.

ಇನ್ನು ಹೊಗಳಿಕೆಯ ವಿಚಾರ. ನಿಮ್ಮಲ್ಲಿ ಹಲವರ ತಂದೆಯವರು ನಿಮ್ಮನ್ನು ಎದುರಿಗೆ ಹೊಗಳಿದ್ದು ನಿಮಗೆ ನೆನಪಿರಲಾರದು. ಶೇಕಡಾ 92 ಅಂಕ ತಂದರೆ ಉಳಿದ ಎಂಟು ಎಲ್ಲಿ ಎಂದು ಕೇಳಿದ ತಲೆಮಾರು ಅದು. ಶಿವಾಜಿ ಪಾರ್ಕಿನ ರಮಾಕಾಂತ್ ಆಚ್ರೇಕರ್ ಅದೇ ಜಾತಿಯ ಗುರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಸರ್ ಒಮ್ಮೆಯೂ ಚೆನ್ನಾಗಿ ಆಡಿದೆ ಎನ್ನಲಿಲ್ಲ ಎಂದು ಸಚಿನ್ ತೆಂಡೂಲ್ಕರ್ 2013ರ ನವೆಂಬರಿನಲ್ಲಿ ವಾಂಖೆಡೆಯ ತಮ್ಮ ವಿದಾಯ ಭಾಷಣದಲ್ಲಿ ಹೇಳಿದರು. ಇದನ್ನು ಹಿಡಿದುಕೊಂಡು ಹೊಗಳದಿರುವುದೇ ಶ್ರೇಷ್ಠ ಪದ್ಧತಿ ಎಂದು ವಾದಿಸುವ ಮೇಲಧಿಕಾರಿಗಳಿದ್ದಾರೆ. ಅವರು ಅದೇ ಭಾಷಣದ ಉಳಿದ ಭಾಗವನ್ನೂ ಕೇಳಬೇಕು. ಆಚ್ರೇಕರ್ ಆ ಹುಡುಗನನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ ಪಂದ್ಯ ಆಡಿಸಲು ಸುತ್ತಿದವರು. ಸಂಜೆ ದಣಿದ ಹುಡುಗ ಗಮನ ಕಳೆದುಕೊಳ್ಳಬಾರದೆಂದು ಸ್ಟಂಪಿನ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು, ಔಟ್ ಮಾಡಿದವನಿಗೆ ಅದು, ಔಟಾಗದೆ ಉಳಿದರೆ ಸಚಿನ್‌ಗೆ ಎಂದವರು. ಆ ನಾಣ್ಯಗಳನ್ನು ತೆಂಡೂಲ್ಕರ್ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತುವ ಗುರು ಬಾಯಿಬಿಟ್ಟು ಹೊಗಳದಿದ್ದರೂ ನಡೆಯುತ್ತದೆ. ಕೈಕೆಳಗಿನವನ ಹೆಸರು ನೆನಪಾಗುವುದೇ ವಾರ್ಷಿಕ ವರದಿ ತುಂಬುವಾಗ ಎಂಬಂಥ ಮೇಲಧಿಕಾರಿಗೆ ಆ ರಿಯಾಯಿತಿ ಇಲ್ಲ.

ಹೊಗಳುವುದಾದರೆ ಯಾವುದಕ್ಕೆಂದು ಹೇಳಿ ಹೊಗಳಿ. "ಗ್ರೇಟ್ ಜಾಬ್" ಎಂಬ ಮಾತು ಚಲಾವಣೆಯಲ್ಲಿ ಸವೆದುಹೋದ ನಾಣ್ಯ. "ಗ್ರಾಹಕ ಸಿಟ್ಟಾದಾಗ ನೀನು ವಾದಿಸದೆ ಮೊದಲು ಅವನ ಮಾತನ್ನು ಬರೆದುಕೊಂಡೆಯಲ್ಲ, ಅದರಿಂದ ಕೆಲಸ ಉಳಿಯಿತು" ಎಂದರೆ ಅವಳಿಗೆ ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಗುತ್ತದೆ. ತೆಗಳುವುದಕ್ಕೂ ಇದೇ ನಿಯಮ, ಬಾಗಿಲು ಮುಚ್ಚಿರಬೇಕು ಎಂಬುದೊಂದು ಹೆಚ್ಚು.

ನಮ್ಮವರ ಬಗ್ಗೆಯೇ ಎರಡು ಮಾತು ಹೇಳಬೇಕು. ಸಂಘದ ಪತ್ರಿಕೆಯಲ್ಲಿ ಇದನ್ನು ಬರೆದದ್ದಕ್ಕೆ ಹಿರಿಯರು ಮುನಿಯದಿರಲಿ. ತಂಡದಲ್ಲಿ ಒಬ್ಬ ಕನ್ನಡಿಗ ಸಿಕ್ಕಿದರೆ ನಮಗೆ ಸಂತೋಷ, ಸಹಜವೇ. ಆದರೆ ಎಂಟು ಜನರ ಮಧ್ಯೆ ಅವನೊಬ್ಬನೊಡನೆ ಕನ್ನಡದಲ್ಲಿ ಮಾತಾಡುತ್ತ, ಕೆಲಸದ ಗುಟ್ಟುಗಳನ್ನು ಅವನಿಗೊಬ್ಬನಿಗೇ ಕಲಿಸುತ್ತ ಹೋದರೆ ಉಳಿದ ಏಳು ಜನಕ್ಕೆ ನೀವು ನಾಯಕರಾಗಿ ಉಳಿಯುವುದಿಲ್ಲ. ಹೊರನಾಡಿನಲ್ಲಿ ಬೆಳೆದ ನಮಗೆ, ಹತ್ತಿರದಲ್ಲೇ ಕುಳಿತು ಅರ್ಥವಾಗದ ಭಾಷೆಯ ನಗು ಕೇಳುವುದು ಹೇಗಿರುತ್ತದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡವನ್ನು ಊಟದ ಬಿಡುವಿಗೆ ಇಟ್ಟುಕೊಳ್ಳಿ, ಬೇಕಾದರೆ ಉಳಿದವರಿಗೂ ನಾಲ್ಕು ಮಾತು ಕಲಿಸಿ.

ಎರಡನೆಯದು ನಿಮಗಿಂತ ಹಿರಿಯರ ಸಂಗತಿ. ಬ್ಯಾಂಕುಗಳಲ್ಲಿ, ಹಳೆಯ ಕಂಪನಿಗಳಲ್ಲಿ ಇಪ್ಪತ್ತೆಂಟರ ಮ್ಯಾನೇಜರಿನ ಕೈಕೆಳಗೆ ಐವತ್ತೆರಡರ ಗುಮಾಸ್ತರು ಇರುವುದು ಸಾಮಾನ್ಯ. ತಂದೆಯ ವಯಸ್ಸಿನವರಿಗೆ ಕಲಿಸುವುದು ಹೇಗೆ ಎಂದು ಅನೇಕ ತರುಣರು ಕೇಳುತ್ತಾರೆ. ಸಂಕೋಚದಿಂದ ಅವರ ತಪ್ಪನ್ನು ತಿದ್ದದೆ ಬಿಟ್ಟು, ರಾತ್ರಿ ಕೂತು ತಾವೇ ಸರಿಮಾಡುವವರೂ ಇದ್ದಾರೆ. ಅದು ಗೌರವವಲ್ಲ. ಆ ಹಿರಿಯರು ಇನ್ನೇನೂ ಕಲಿಯಲಾರರು ಎಂದು ನೀವೇ ತೀರ್ಮಾನಿಸಿದ ಹಾಗೆ. ಇಂಥ ಕಡೆ ಕೊಡುಕೊಳ್ಳುವ ದಾರಿ ಒಳ್ಳೆಯದು. ಮೂವತ್ತು ವರ್ಷದ ಸಾಲಗಾರರ ಚರಿತ್ರೆ ಅವರ ತಲೆಯಲ್ಲಿದೆ. ಯಾವ ಅಂಗಡಿಯವನು ಮಳೆಗಾಲದಲ್ಲಿ ಕಂತು ತಪ್ಪಿಸಿ ದೀಪಾವಳಿಗೆ ಬಡ್ಡಿಸಮೇತ ತೀರಿಸುತ್ತಾನೆಂಬುದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅದನ್ನು ಮೊದಲು ನೀವು ಅವರಿಂದ, ಪುಸ್ತಕ ಪೆನ್ನು ಹಿಡಿದು, ಕಲಿಯಿರಿ. ಆಮೇಲೆ ಹೊಸ ಸಾಫ್ಟ್‌ವೇರಿನ ಮುಂದೆ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಮೌಸ್ ಅವರ ಕೈಯಲ್ಲೇ ಇರಲಿ ಎಂದು ಬಿಡಿ. ನಿಧಾನವಾಗುತ್ತದೆ. ಮೊದಲ ದಿನ ಒಂದು ವೋಚರ್ ಹತ್ತು ನಿಮಿಷ ಹಿಡಿಯಬಹುದು. "ಸರ್, ಆ ಬಟನ್ ಅಲ್ಲ" ಎನ್ನುವ ಮೊದಲು, ಆಗಲೇ ಹೇಳಿದಂತೆ, ಹತ್ತರವರೆಗೆ ಎಣಿಸಿ.